ದೊಡ್ಡಮ್ಮ ಆರಿಸಿದ ಮೂರನೇ ದಿನ

ನಮ್ಮ ದೊಡ್ಡಮ್ಮ ಪುಷ್ಪಮ್ಮ ಭದ್ರಾವತಿಯ ಕಾರ್ಖಾನೆಯೊಂದರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವಳು. ಒಂಬತ್ತನೇ ವಯಸ್ಸಿನಲ್ಲಿ ದಡಾರ ಬಂದು ಅವಳ ಎರಡೂ ಕಣ್ಣು ಹೋದವು. ಮೈಸೂರಿನಲ್ಲಿ ಅಂಧ ಮಕ್ಕಳ ಶಾಲೆಯಲ್ಲಿ ಓದಿ, ತರಬೇತಿ ಮುಗಿಸಿ, ಇಪ್ಪತ್ಮೂರನೇ ವರ್ಷಕ್ಕೆ ಹೆಡ್‌ಫೋನ್ ಹಾಕಿಕೊಂಡು ಬೋರ್ಡಿನ ಮುಂದೆ ಕೂತಳು. ಆ ಕಡೆಯಿಂದ ಬರೀ "ಹಲೋ" ಬಂದರೆ ಸಾಕು, ಯಾವ ವಿಭಾಗದ ಯಾರು, ಇವತ್ತು ಮನೆಯಲ್ಲಿ ಜಗಳ ಆಡಿ ಬಂದಿದ್ದಾರೋ ಇಲ್ಲವೋ ಎಲ್ಲ ಗೊತ್ತಾಗುತ್ತಿತ್ತು. ಕುಲುಮೆ ವಿಭಾಗದವರ ಜೊತೆ ತಮಿಳು, ಕ್ರೇನ್ ನಡೆಸುವವರ ಜೊತೆ ತೆಲುಗು, ಸಾಹೇಬರ ಜೊತೆ ಇಂಗ್ಲಿಷ್. ಕಣ್ಣಿಲ್ಲ ಅಂತ ಯಾರಾದರೂ ಅಯ್ಯೋ ಅಂದರೆ ರೇಗುತ್ತಿತ್ತು. "ಅಯ್ಯೋ ಅನ್ನೋದು ಆಮೇಲೆ. ಯಾರಿಗೆ ಲೈನ್ ಬೇಕು ಹೇಳಿ" ಅನ್ನುತ್ತಿದ್ದಳು.

ನಿವೃತ್ತಿಯಾದ ಮೇಲೂ ನ್ಯೂ ಟೌನ್ ಬಿಟ್ಟು ಬರಲಿಲ್ಲ. ಅಲ್ಲೇ ಒಂದು ಬಾಡಿಗೆ ಮನೆ, ಒಬ್ಬಳೇ ವಾಸ, ಅಡುಗೆ ತಾನೇ ಮಾಡಿಕೊಳ್ಳುತ್ತಾಳೆ. ಶಿವಮೊಗ್ಗದ ರವೀಂದ್ರನಗರದಲ್ಲಿರುವ ನಾನು, ಅಂದರೆ ಅವಳ ಇಂಪು, ಮತ್ತು ನನ್ನ ಗಂಡ ವಿಷ್ಣು ಭಾನುವಾರ ಹೋಗಿ ಬರುತ್ತೇವೆ.

ಸೈಕಲ್ ರೇಸಿನ ಹುಚ್ಚು ಅವಳಿಗೆ ಹತ್ತಿದ್ದು ಆರು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಭಾನುವಾರ. ವಿಷ್ಣು ಅವಳ ಮನೆಯ ಮಂಚದ ಮೇಲೆ ಉರುಳಿಕೊಂಡು ಮೊಬೈಲಿನಲ್ಲಿ ಫ್ರಾನ್ಸಿನ ರೇಸ್ ನೋಡುತ್ತಿದ್ದ. ನೋಡುತ್ತಲೇ ನಿದ್ದೆ ಹೋದ. ದೊಡ್ಡಮ್ಮ ಮೊಬೈಲ್ ತೆಗೆದು ತನ್ನ ಕಿವಿಯ ಹತ್ತಿರ ಇಟ್ಟುಕೊಂಡಳು. ಅವನು ಎದ್ದಾಗ ಎರಡು ಗಂಟೆ ಕಳೆದಿತ್ತು, ಅವಳಿನ್ನೂ ಕೇಳುತ್ತಲೇ ಇದ್ದಳು.

"ಕ್ರಿಕೆಟ್‌ನವರ ಥರ ಕಿರುಚಲ್ಲ ಕಣೋ ಇವರು" ಅಂದಳು. "ಈಗ ಎಡಕ್ಕೆ ನದಿ ಬಂತು, ಈಗ ಚರ್ಚು, ಈಗ ದ್ರಾಕ್ಷಿ ತೋಟ, ಈಗ ದಾರಿ ಏರ್ತಾ ಇದೆ ಅಂತ ಹೇಳ್ತಾನೇ ಹೋಗ್ತಾರೆ. ನಂಗೆ ಇಷ್ಟು ಹೊತ್ತು ಕೂತು ದಾರಿ ಹೇಳಿದೋರು ಯಾರೂ ಇಲ್ಲ."

ಅಲ್ಲಿಂದ ಪ್ರತಿ ಜುಲೈ ಮೂರು ವಾರ ಸಂಜೆ ಅವಳಿಗೆ ಫೋನ್ ಮಾಡುವಂತಿಲ್ಲ.

ಈ ವರ್ಷ ಸಂಕ್ರಾಂತಿ ಆದ ವಾರ, ನಮ್ಮ ಜಿಲ್ಲೆಯಲ್ಲೇ ನಾಲ್ಕು ದಿನದ ಸೈಕಲ್ ರೇಸ್ ನಡೆಯುತ್ತದೆ ಎಂದು ಪೇಪರಿನಲ್ಲಿ ಬಂತು. ನಾನು ಓದಿ ಹೇಳಿದೆ. ದೊಡ್ಡಮ್ಮ ಕೈಯಲ್ಲಿದ್ದ ಅವರೆಕಾಯಿಯನ್ನು ತಟ್ಟೆಗೆ ಹಾಕಿ, "ಇನ್ನೊಂದ್ಸಲ ಓದು" ಅಂದಳು.

ಮೊದಲನೇ ದಿನ ಶಿವಮೊಗ್ಗ ಪೇಟೆಯೊಳಗೇ ಇಪ್ಪತ್ತು ಸುತ್ತು. ಎರಡನೇ ದಿನ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವುದು. ಮೂರನೇ ದಿನ ಭದ್ರಾವತಿಯಿಂದ ಶಿವಮೊಗ್ಗಕ್ಕೆ, ಒಬ್ಬೊಬ್ಬರನ್ನೇ ಬಿಟ್ಟು ಗಡಿಯಾರದ ಲೆಕ್ಕದಲ್ಲಿ ಓಡಿಸುವುದು. ನಾಲ್ಕನೇ ದಿನ ಸಕ್ರೆಬೈಲಿನ ಮೇಲೆ ತೀರ್ಥಹಳ್ಳಿಗೆ ಹೋಗಿ ವಾಪಸ್.

ನನಗೆ ಆಫೀಸಿನಲ್ಲಿ ಆ ವಾರ ಒಂದೇ ದಿನ ರಜೆ ಸಿಗುವುದಿತ್ತು. ಹಾಗಾಗಿ ನಾಲ್ಕರಲ್ಲಿ ಒಂದನ್ನು ಆರಿಸಬೇಕಾಯಿತು.

ವಿಷ್ಣು ಪೇಟೆಯದ್ದೇ ಸರಿ ಅಂದ. "ಇಪ್ಪತ್ತು ಸಲ ನಿಮ್ಮ ಮುಂದೇನೇ ಹೋಗ್ತಾರೆ ದೊಡ್ಡಮ್ಮ. ನೆರಳಲ್ಲಿ ಕೂರಬಹುದು. ದೊಡ್ಡ ದೊಡ್ಡ ಸ್ಪೀಕರ್ ಹಾಕ್ತಾರಂತೆ, ಡಿಜೆನೂ ಇದೆ."

"ಡಿಜೆನಾ? ಹಾಗಾದ್ರೆ ಬೇಡ" ಅಂದಳು ದೊಡ್ಡಮ್ಮ. "ಅದಕ್ಕೆ ಗಣಪತಿ ಬಿಡೋ ದಿನ ಸಾಕು."

ಆಗ ಒಳಗೆ ಬಂದವನು ವಸೀಂ. ನ್ಯೂ ಟೌನ್ ಸ್ಟ್ಯಾಂಡಿನ ಆಟೋದವನು. ಹತ್ತು ವರ್ಷದಿಂದ ದೊಡ್ಡಮ್ಮ ಬ್ಯಾಂಕಿಗೆ, ಆಸ್ಪತ್ರೆಗೆ ಹೋಗುವುದು ಅವನ ಗಾಡಿಯಲ್ಲೇ. ವಿಷಯ ಕೇಳಿ, "ಆಗುಂಬೆಗೇ ಹೋಗಬೇಕಮ್ಮಾ" ಅಂದ. "ಹದಿನಾಲ್ಕು ತಿರುವು! ಅಲ್ಲಿ ನಮ್ಮ ಗಾಡಿನೇ ಏದುಸಿರು ಬಿಡುತ್ತೆ. ಮನುಷ್ಯ ಕಾಲಲ್ಲಿ ತುಳಿದು ಹತ್ತೋದು ಅಂದ್ರೆ ಸುಮ್ನೆನಾ? ನಿಧಾನಕ್ಕೆ ಹತ್ತುತ್ತಾರೆ, ಚೆನ್ನಾಗಿ ನೋಡಬಹುದು."

"ಎಲ್ಲಾ ಒಟ್ಟಿಗೇ ಬರ್ತಾರಾ?"

"ಮೊದಲು ಒಂದು ಗುಂಪು, ಹಿಂದೆ ಇನ್ನೊಂದು ಗುಂಪು. ಜೊತೆಗೆ ಬೈಕು, ಜೀಪು. ಜನ ಅಂತೂ ಕಿರುಚಿ ಕಿರುಚಿ…"

ವಸೀಂ ಅಲ್ಲಿಗೇ ನಿಲ್ಲಿಸಿದ. ತಾನು ಹೇಳುತ್ತಿರುವುದು ಯಾರಿಗೆ ಎಂದು ಅವನಿಗೇ ಹೊಳೆದಿರಬೇಕು.

"ಆ ಮೂರನೇದು ಹೇಗೆ?" ದೊಡ್ಡಮ್ಮ ಕೇಳಿದಳು.

"ಅದು ಬರೀ ಬೋರು" ಅಂದ ವಿಷ್ಣು. "ಗುಂಪಿಲ್ಲ, ಪೈಪೋಟಿ ಕಣ್ಣಿಗೆ ಕಾಣಲ್ಲ. ಒಬ್ಬ ಹೋದ ಮೇಲೆ ಒಂದು ನಿಮಿಷ ಏನೂ ಇಲ್ಲ, ಆಮೇಲೆ ಇನ್ನೊಬ್ಬ. ನಮ್ಮ ಬಿ.ಎಚ್. ರಸ್ತೆಯಲ್ಲೇ. ಅದನ್ನ ನೋಡೋಕೆ ಯಾರು ಹೋಗ್ತಾರೆ?"

"ಒಬ್ಬೊಬ್ಬರೇನಾ?" ಅಂದಳು. ಆಮೇಲೆ ಪೇಪರಿನಲ್ಲಿ ಕೊಟ್ಟಿದ್ದ ನಂಬರ್ ಓದು ಅಂದಳು.

ಫೋನ್ ಮಾಡಿ ಬೇಕಾದ ಮನುಷ್ಯನನ್ನು ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರು ಇಲ್ಲ. ಮೊದಲು ಎತ್ತಿದವನಿಗೆ ಏನೂ ಗೊತ್ತಿರಲಿಲ್ಲ. ಅವನಿಂದ ಇನ್ನೊಬ್ಬರ ನಂಬರ್, ಅವರಿಂದ ಮತ್ತೊಬ್ಬರದು. ನಾಲ್ಕನೇ ಕರೆಗೆ ಈಶ್ವರಪ್ಪ ಎನ್ನುವವರು ಸಿಕ್ಕರು. ವ್ಯಾಯಾಮದ ಮೇಷ್ಟ್ರಾಗಿದ್ದು ನಿವೃತ್ತರಾದವರು, ರೇಸಿನ ಸಮಯ ಬರೆಯುವ ಜವಾಬ್ದಾರಿ ಅವರದ್ದು. ದೊಡ್ಡಮ್ಮ ಕೇಳುತ್ತಾ ಹೋದಳು. ಎಷ್ಟು ಜನ? ಇಪ್ಪತ್ತೆರಡು ಹುಡುಗಿಯರು, ಅರವತ್ತೊಂದು ಹುಡುಗರು. ಎಷ್ಟು ವೇಗ? ಗಂಟೆಗೆ ನಲವತ್ತೈದರ ಮೇಲೆ. ಬೇರೆ ಗಾಡಿ? ಬೆಳಿಗ್ಗೆ ಏಳರಿಂದ ಹತ್ತೂವರೆವರೆಗೆ ರಸ್ತೆ ಬಂದ್. ಎಲ್ಲಿ ಮೈಕ್ ಇರಲ್ಲ, ಎಲ್ಲಿ ಜನ ಕಡಿಮೆ?

"ನಿದಿಗೆ ಕೆರೆ ಹತ್ತಿರ ಯಾರೂ ಇರಲ್ಲಮ್ಮ" ಅಂದರು ಈಶ್ವರಪ್ಪ. "ಆದ್ರೆ ಎಲ್ಲರೂ ಚೆನ್ನಾಗಿ ಕಾಣೋ ಜಾಗ ಕೇಳ್ತಾರೆ, ನೀವು ಸದ್ದಿಲ್ಲದ ಜಾಗ ಕೇಳ್ತಿದೀರಲ್ಲ?"

"ನಂಗೆ ಕಣ್ಣಿಲ್ಲ ಸ್ವಾಮಿ. ಕೇಳೋಕೆ ಬರ್ತಿದೀನಿ."

ಆ ಕಡೆ ಕಾಗದ ಮಗುಚಿದ ಸದ್ದು. ಆಮೇಲೆ ಅವರು ಹೇಳಿದರು: "ಹಾಗಾದ್ರೆ ಮೂರನೇ ದಿನಾನೇ ಬನ್ನಿ. ಅವತ್ತು ಹಿಂದಿನ ಗಾಲಿಗೆ ಕೆಲವರು ಬೇರೆ ಥರದ್ದು ಹಾಕ್ತಾರೆ. ಅದು ಕೂಗುತ್ತೆ. ಹೇಗೆ ಅಂತ ಫೋನಲ್ಲಿ ಹೇಳೋಕೆ ನನ್ನಿಂದ ಆಗಲ್ಲ."

ಅಲ್ಲಿಗೆ ತೀರ್ಮಾನವಾಯಿತು.

ಆ ದಿನ ಬೆಳಿಗ್ಗೆ ಆರೂವರೆಗೇ ವಸೀಂ ನಮ್ಮಿಬ್ಬರನ್ನು ನಿದಿಗೆ ಕೆರೆಯ ಪಕ್ಕ ಇಳಿಸಿ, ಆಟೋವನ್ನು ಒಳದಾರಿಯಲ್ಲಿ ನಿಲ್ಲಿಸಿ ಬಂದ. ಮಂಜು ಇನ್ನೂ ಇತ್ತು. ಪ್ಲಾಸ್ಟಿಕ್ ಕುರ್ಚಿ, ಶಾಲು, ಫ್ಲಾಸ್ಕಿನಲ್ಲಿ ಕಾಫಿ. ಒಬ್ಬ ಪೊಲೀಸಿನವನು ರಸ್ತೆಯಂಚಿನ ಬಿಳಿ ಗೆರೆಯುದ್ದಕ್ಕೂ ಹಗ್ಗ ಕಟ್ಟಿ, "ಗೆರೆ ದಾಟಬೇಡಿ" ಎಂದು ಹೇಳಿ ಹೋದ. ನಾವು ಮೂವರು ಬಿಟ್ಟರೆ ಇನ್ನಾರೂ ಇರಲಿಲ್ಲ.

ಏಳು ಗಂಟೆಯಾಗುತ್ತಲೇ ಕೊನೆಯ ಲಾರಿ ಹೋಯಿತು. ಆಮೇಲೆ ಆದದ್ದನ್ನು ನಾನು ಎಣಿಸಿರಲೇ ಇಲ್ಲ. ಹಗಲು ರಾತ್ರಿ ಲಾರಿ, ಬಸ್ಸು ಬಿಟ್ಟರೆ ಇನ್ನೇನೂ ಕೇಳದ ಬಿ.ಎಚ್. ರಸ್ತೆ ಸುಮ್ಮನಾಯಿತು. ಕೆರೆಯಲ್ಲಿ ಯಾವುದೋ ಹಕ್ಕಿ ಮುಳುಗಿ ಎದ್ದ ಸದ್ದು, ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು. ದೊಡ್ಡಮ್ಮ ಶಾಲನ್ನು ತಲೆಯಿಂದ ಕೆಳಗಿಳಿಸಿದಳು.

"ಇಲ್ಲಿ ಇಷ್ಟು ದೊಡ್ಡ ಕೆರೆ ಇದೆ ಅಂತ ನಂಗೆ ಗೊತ್ತೇ ಇರಲಿಲ್ಲ ಇಂಪು" ಅಂದಳು. ಆ ರಸ್ತೆಯಲ್ಲಿ ಅವಳು ಸಾವಿರ ಸಲವಾದರೂ ಬಸ್ಸಿನಲ್ಲಿ ಓಡಾಡಿದ್ದಾಳೆ.

ಏಳೂ ಮುಕ್ಕಾಲರ ಹೊತ್ತಿಗೆ ಅವಳು ಕೈ ಎತ್ತಿದಳು. ನನಗೆ ಏನೂ ಕೇಳಿಸಲಿಲ್ಲ, ಕಾಣಿಸಲೂ ಇಲ್ಲ. ಭದ್ರಾವತಿ ಕಡೆಯ ಮಂಜಿನಿಂದ ಒಂದು ಚುಕ್ಕೆ ಬಂತು, ಅದು ತಲೆ ತಗ್ಗಿಸಿದ ಹುಡುಗಿಯಾಯಿತು, ಸೊಂಯ್ಯೆಂದು ದಾಟಿತು. ನಾನು ನೋಡಿದ್ದು ಕೆಂಪು ಹೆಲ್ಮೆಟ್ ಒಂದೇ. ದೊಡ್ಡಮ್ಮನ ಮುಖ ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿ, ಹುಡುಗಿ ಮರೆಯಾದ ಮೇಲೂ ಬಹಳ ಹೊತ್ತು ಆ ಕಡೆಗೇ ಇತ್ತು.

"ಹೆಣ್ಣು ಮಗು. ಬಾಯಲ್ಲಿ ಉಸಿರು ಬಿಡ್ತಿದಾಳೆ, ಮೂಗು ಕಟ್ಟಿದೆ ಪಾಪ" ಅಂದಳು.

ನಿಮಿಷಕ್ಕೆ ಒಬ್ಬರು ಬರುತ್ತಿದ್ದರು. ಯಾರ ಚೈನಿಗೆ ಎಣ್ಣೆ ಸಾಲದು, ಯಾರು ಹಲ್ಲು ಕಚ್ಚಿದ್ದಾರೆ, ಯಾರು ತಮ್ಮಷ್ಟಕ್ಕೆ ಎಣಿಸಿಕೊಂಡು ತುಳಿಯುತ್ತಿದ್ದಾರೆ ಎಲ್ಲ ಹೇಳತೊಡಗಿದಳು. ಹುಡುಗಿಯರು ಮುಗಿದು ಹುಡುಗರು ಶುರುವಾದರು. ಐದನೆಯವನೋ ಆರನೆಯವನೋ ಬಂದಾಗ, ಈಶ್ವರಪ್ಪನವರು ಹೇಳಿದ್ದ ಕೂಗು ಬಂತು. ಅದನ್ನು ಬರೆಯಲು ನನಗೂ ಬರುವುದಿಲ್ಲ. ದೊಡ್ಡ ನಗಾರಿಯನ್ನು ಬಡಿಯದೆ ಬರೀ ಅಂಗೈಯಿಂದ ಉಜ್ಜಿದ ಹಾಗೆ, ಪ್ರತಿ ತುಳಿತಕ್ಕೂ ವುಂ… ವುಂ… ಎಂದು ಏರಿ ಇಳಿಯುತ್ತಿತ್ತು. ನನ್ನ ಎದೆಯೊಳಗೇ ಆದ ಹಾಗಿತ್ತು. ದೊಡ್ಡಮ್ಮ ಕುರ್ಚಿಯಿಂದ ಎದ್ದು ನಿಂತಳು. ಆಮೇಲೆ ಕೂರಲೇ ಇಲ್ಲ.

ಒಂಬತ್ತು ಗಂಟೆ ಸುಮಾರಿಗೆ ಮತ್ತೊಂದು ಅಂಥದ್ದೇ ಕೂಗು ದೂರದಲ್ಲಿ ಕೇಳಿತು. "ಗಾಳಿ ಹೋಗ್ತಾ ಇದೆ!" ಅಂದಳು ದೊಡ್ಡಮ್ಮ. ನಮ್ಮಿಂದ ಎರಡು ಮಾರು ದೂರಕ್ಕೆ ಬರುವಷ್ಟರಲ್ಲಿ ಆ ಹುಡುಗ ಬ್ರೇಕ್ ಹಿಡಿದು, ಓಲಾಡಿ, ಕಾಲು ಊರಿದ.

"ಹಿಂದಿನ ಗಾಲಿ ಹೋತ್ರೀ!" ಅಂದ ನಮ್ಮ ಕಡೆ ತಿರುಗಿ. "ನಮ್ಮ ಗಾಡಿ ಬರಾಕತ್ತೈತೇನು ನೋಡ್ರೀ."

ಮಾತು ವಿಜಯಪುರದ ಕಡೆಯದು. ವಯಸ್ಸು ಇಪ್ಪತ್ತು ಇರಬಹುದು. ಬೇರೆ ಗಾಲಿ ತರುವ ಜೀಪು ಎಲ್ಲೋ ಹಿಂದೆ ಇತ್ತು. ವಸೀಂ ರಸ್ತೆಯುದ್ದಕ್ಕೂ ಕಣ್ಣು ಹಾಯಿಸಿ, "ಇನ್ನೂ ಕಾಣ್ತಿಲ್ಲಪ್ಪಾ" ಅಂದ. ಹುಡುಗ ಕೈಯಲ್ಲಿದ್ದ ಗಡಿಯಾರ ನೋಡಿಕೊಂಡು ತಲೆ ಕೊಡವಿದ. ಅವನ ಉಸಿರು ನನಗೂ ಕೇಳುತ್ತಿತ್ತು, ತಿದಿ ಒತ್ತಿದ ಹಾಗೆ.

"ಏನಪ್ಪಾ ನಿನ್ನ ಹೆಸರು?" ದೊಡ್ಡಮ್ಮ ಕೇಳಿದಳು.

"ಶಿವಪುತ್ರ ಅಂತ್ರೀ." ಆಗ ಅವನು ಅವಳ ಕಣ್ಣು ನೋಡಿದ. ಸ್ವಲ್ಪ ತಡೆದು, "ಮುಟ್ಟಿ ನೋಡ್ತೀರೇನ್ರೀ ಅಮ್ಮಾರ? ಹ್ಯಾಂಗೂ ನಿಂತೇನಿ" ಅಂದ.

ನಾನು ಅವಳ ಕೈ ಹಿಡಿದು ಗೆರೆಯ ಅಂಚಿಗೆ ಕರೆತಂದೆ. ಅವನೇ ಸೈಕಲ್ಲನ್ನು ಹತ್ತಿರ ತಂದ. ದೊಡ್ಡಮ್ಮ ಹಿಂದಿನ ಗಾಲಿಯ ಮೇಲೆ ಬೆರಳಾಡಿಸಿದಳು.

"ಕಡ್ಡಿ ಎಲ್ಲಿ?"

"ಕಡ್ಡಿ ಇಲ್ರೀ. ತಾಟ ಇದ್ದಂಗ ಐತಿ, ಪೂರಾ ಮುಚ್ಚೇತಿ."

ಉಗುರಿನಿಂದ ಮೆಲ್ಲಗೆ ತಟ್ಟಿದಳು. ಒಳಗೆ ಗುಂ ಎಂದಿತು. ಅವಳ ಮುಖ ಅರಳಿತು. ಸೀಟು ಹಿಡಿದು ಸ್ವಲ್ಪ ಎತ್ತಿ ನೋಡಿ, "ಇಷ್ಟೇನಾ ಭಾರ? ನಮ್ಮ ಕುಕ್ಕರ್ ಇದಕ್ಕಿಂತ ಭಾರ ಇದೆ" ಅಂದಳು. ಆಮೇಲೆ ಕೈ ಹ್ಯಾಂಡಲಿಗೆ ಬಂದಾಗ ಅಲ್ಲೇ ನಿಂತಿತು.

"ಯಾಕಪ್ಪಾ, ಸೈಕಲ್ ನಡುಗ್ತಾ ಇದೆ?"

"ಸೈಕಲ್ ಅಲ್ರೀ ಅಮ್ಮಾರ" ಅಂದ ಶಿವಪುತ್ರ. "ನಾನು."

ಹ್ಯಾಂಡಲಿನ ಆ ತುದಿ ಹಿಡಿದಿದ್ದ ಅವನ ಕೈ ನೋಡಿದೆ. ತೋಳು, ತೊಡೆ, ಮೀನಖಂಡ ಎಲ್ಲ ಹೊಳೆಯ ನೀರಿನ ಹಾಗೆ ಅದುರುತ್ತಿದ್ದವು. ನಿಂತೇ ಇದ್ದರೂ ಅವನ ಮೈಗೆ ಇನ್ನೂ ನಿಲ್ಲಲು ಆಗಿರಲಿಲ್ಲ. ದೊಡ್ಡಮ್ಮ ಕೈ ತೆಗೆಯಲಿಲ್ಲ. ಆ ನಡುಕ ಸೈಕಲ್ಲಿನಿಂದ ಅವಳ ಕೈಗೆ, ಕೈಯಿಂದ ಬಳೆಗೆ ಹತ್ತಿ, ಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು.

ಜೀಪು ಬಂತು. ಒಬ್ಬ ಗಾಲಿ ಹಿಡಿದುಕೊಂಡೇ ಹಾರಿ ಇಳಿದ. ನಾನು ದೊಡ್ಡಮ್ಮನನ್ನು ಹಿಂದಕ್ಕೆ ಎಳೆಯುವಷ್ಟರಲ್ಲಿ ಹಳೆಯದು ಬಿಚ್ಚಿ ಹೊಸದು ಕೂತಿತ್ತು. ಅವನು ಹುಡುಗನ ಬೆನ್ನಿಗೆ ಕೈ ಕೊಟ್ಟು ನೂಕಿದ.

"ಬರ್ತೀನ್ರೀ ಅಮ್ಮಾರ!"

"ಹೋಗು ಮಾರಾಯ, ಹೋಗು!" ಎಂದು ದೊಡ್ಡಮ್ಮ ಕೂಗಿದಳು. ಆ ಬೆಳಿಗ್ಗೆ ಅವಳು ದನಿ ಎತ್ತಿದ್ದು ಅದೊಂದೇ ಸಲ. ಶಿವಪುತ್ರನ ಸೈಕಲ್ಲಿಗೆ ಈಗ ಕಡ್ಡಿಯ ಗಾಲಿ ಹಾಕಿದ್ದರು. ಕೂಗು ಇರಲಿಲ್ಲ, ಟೈರು ಟಾರಿಗೆ ಉಜ್ಜುವ ಸದ್ದಷ್ಟೇ. ಅದೂ ಕ್ಷಣದಲ್ಲಿ ಹೋಯಿತು.

ಅವನ ನಂತರ ಹದಿನೈದು ಜನ ಬಂದರು. ಒಬ್ಬೊಬ್ಬರು ದಾಟುವಾಗಲೂ ದೊಡ್ಡಮ್ಮ ಕೈಯನ್ನು ಮುಂದೆ ಚಾಚಿ ನಿಲ್ಲುತ್ತಿದ್ದಳು, ಅವರು ಎಬ್ಬಿಸಿದ ಗಾಳಿ ಅಂಗೈಗೆ ಬಡಿದ ಮೇಲೆ ಇಳಿಸುತ್ತಿದ್ದಳು. ಕೊನೆಯವನು ಹೋದ. ಹಿಂದೆ ಆಂಬುಲೆನ್ಸ್ ಹೋಯಿತು. ಪೊಲೀಸಿನವನು ಹಗ್ಗ ಸುತ್ತಿಕೊಂಡ. ವಸೀಂ ಕಾಫಿ ಬಗ್ಗಿಸಿ ಕೊಟ್ಟ, ಅದು ತಣ್ಣಗಾಗಿತ್ತು.

"ಆಗುಂಬೆಗೆ ಹೋಗಿದ್ರೆ ಇದು ಸಿಗ್ತಿರಲಿಲ್ಲ ಅಮ್ಮಾ" ಅಂದ ವಸೀಂ. ಅವನ ದನಿಯೂ ಮೆತ್ತಗಾಗಿತ್ತು.

ದೊಡ್ಡಮ್ಮ ಲೋಟ ಹಿಡಿದುಕೊಂಡು ಒಂದು ಗುಟುಕು ಕುಡಿದಳು. ಆಮೇಲೆ ನನ್ನನ್ನು ಕೇಳಿದಳು: "ಮನುಷ್ಯನ ಮೈಯೊಳಗೆ ಅಷ್ಟೊಂದು ಇರುತ್ತಾ ಇಂಪು?"

ನಾನು ಅವಳ ಕೈಯಿಂದ ಲೋಟ ತೆಗೆದುಕೊಂಡು ಶಾಲು ಹೊದಿಸಿದೆ.

ಮಾರನೇ ದಿನದ ಪೇಪರಿನಲ್ಲಿ ಮೊದಲ ಮೂವರ ಹೆಸರಷ್ಟೇ ಇತ್ತು. ವಿಷ್ಣು ಮೊಬೈಲಿನಲ್ಲಿ ಹುಡುಕಿ ಪೂರ್ತಿ ಪಟ್ಟಿ ತೆಗೆದ. ಶಿವಪುತ್ರ ಅರವತ್ತೊಂದರಲ್ಲಿ ಐವತ್ತೇಳನೆಯವನು. ಅದರ ಮರುದಿನ ಬಂದ ನಾಲ್ಕನೇ ದಿನದ ಪಟ್ಟಿಯಲ್ಲೂ ಅವನ ಹೆಸರಿತ್ತು, ನಲವತ್ತನಾಲ್ಕನೆಯವನಾಗಿ. ನಾನು ದೊಡ್ಡಮ್ಮನಿಗೆ ಫೋನ್ ಮಾಡಿ ಓದಿ ಹೇಳಿದೆ.

"ಗೆದ್ದೋರು ಯಾರು ಅಂತ ಬೇಡ್ವಾ?" ಅಂತ ಕೇಳಿದೆ.

"ಅದೂ ಹೇಳು, ಕೇಳ್ತೀನಿ" ಅಂದಳು. "ಆದ್ರೆ ಮೊದಲು ಮೂರನೇ ದಿನದ ಅವನ ಟೈಮು ಎಷ್ಟು ಅಂತ ಓದು. ಸೆಕೆಂಡ್ ಬಿಡಬೇಡ."