ಹುಚ್ಚು ದೊರೆಯ ಬಯಸ್ಕೋಪು

ನಮ್ಮ ಬೆಟ್ಟದ ವೆಲ್ಲಿಂಗ್ಟನ್ನಿನಲ್ಲಿ ಸಿಪಾಯಿಗಳ ಅಂಗಡಿ ಸಾಲಿನ ಹಿಂದೆ ಹಳೆಯ ಗೋದಾಮೊಂದಿತ್ತು. ಕುದುರೆಗಳಿಗೆ ಹುರುಳಿ ತುಂಬಿಡುತ್ತಿದ್ದ ಜಾಗ. ಹುರುಳಿ ಖಾಲಿಯಾದ ಮೇಲೆ ಯಾರೋ ಕಿಟಕಿಗಳಿಗೆ ಗೋಣಿ ಹೊಡೆದು ಒಳಗೆ ಬಯಸ್ಕೋಪು ತೋರಿಸಲು ಶುರು ಮಾಡಿದರು. ನಾನು ಹತ್ತಿರದ ಹುಬ್ಬತಲೈ ಹಟ್ಟಿಗೆ ಸೊಸೆಯಾಗಿ ಬಂದ ಮರುವರ್ಷದ ಮಾತು. ಆಗಿನ ಬಯಸ್ಕೋಪಿಗೆ ಮಾತಿರಲಿಲ್ಲ. ಈಗಿನವು ಬಾಯಿ ಮುಚ್ಚುವುದೇ ಇಲ್ಲ.

ಹೊರಗೆ ಹಗಲು, ಒಳಗೆ ಕತ್ತಲೆ. ಹುರುಳಿ, ಬೀಡಿ ಹೊಗೆ, ಒದ್ದೆ ಕಂಬಳಿ, ಎಲ್ಲ ಸೇರಿದ ಒಂದು ವಾಸನೆ. ಅಂಥ ವಾಸನೆ ಈಗ ಎಲ್ಲಾದರೂ ಮೂಗಿಗೆ ಬಡಿದರೆ ನಾನು ಅಲ್ಲೇ ನಿಂತುಬಿಡುತ್ತೇನೆ.

ನಮ್ಮನ್ನು ಕರೆದುಕೊಂಡು ಹೋದವರು ಮಾವ. ಹೆಂಗಸರನ್ನಷ್ಟೇ ಕಳಿಸುವ ಕಾಲವಲ್ಲ. ಅತ್ತೆ, ನಾನು, ಪಕ್ಕದ ಮನೆಯ ದೊಡ್ಡವ್ವ, ಇನ್ನೂ ನಾಲ್ಕಾರು ಮಂದಿ ನೆಲದ ಮೇಲೆ ಕುಳಿತೆವು. ನಡುನಡುವೆ ಬರುವ ಇಂಗ್ಲಿಷ್ ಅಕ್ಷರ ನಮಗೆ ಯಾರಿಗೂ ಗೊತ್ತಿಲ್ಲ. ಬಿಳಿ ಬಟ್ಟೆಯ ಪಕ್ಕ ಒಬ್ಬ ಕೋಲು ಹಿಡಿದು ನಿಂತು ತಮಿಳಿನಲ್ಲಿ ಕಥೆ ಹೇಳುತ್ತಿದ್ದ.

ಒಬ್ಬ ಬಿಳಿಯ ದೊರೆ. ಆಸ್ತಿಗಾಗಿ ತನ್ನ ತಮ್ಮನನ್ನು ಹಾಳುಬಾವಿಗೆ ತಳ್ಳಿ, ಅವನು ಹಡಗು ಹತ್ತಿ ಹೋದ ಎಂದು ಊರಿಗೆಲ್ಲ ಹೇಳುತ್ತಾನೆ. ಆಮೇಲೆ ಊಟಕ್ಕೆ ಕುಳಿತಾಗಲೆಲ್ಲ ಎದುರಿನ ಕುರ್ಚಿಯಲ್ಲಿ ತಮ್ಮ ಬಂದು ಕೂರುತ್ತಾನೆ. ತಲೆಯಿಂದ ನೀರು ಸೋರುತ್ತಿರುತ್ತದೆ. ಏನೂ ಮಾಡುವುದಿಲ್ಲ, ಸುಮ್ಮನೆ ನೋಡುತ್ತಾನೆ. ಬಡಿಸುವ ಆಳಿಗೆ ಅವನು ಕಾಣುವುದಿಲ್ಲ, ದೊರೆಯ ಹೆಂಡತಿಗೂ ಕಾಣುವುದಿಲ್ಲ. ದೊರೆ ಆ ಕುರ್ಚಿಯನ್ನು ಸುಟ್ಟರೆ ತಮ್ಮ ಬೇರೆ ಕುರ್ಚಿಯಲ್ಲಿ ಕೂರುತ್ತಾನೆ. ಕೊನೆಗೆ ದೊರೆ ಅದೇ ಬಾವಿಯ ಹತ್ತಿರ ಕುಳಿತು, ನಗುತ್ತಾ ಕೂದಲು ಕಿತ್ತುಕೊಳ್ಳುತ್ತಾನೆ. ದೆವ್ವಗಿವ್ವ ಏನಿಲ್ಲ, ಎಲ್ಲ ಅವನ ಮನಸ್ಸು ಮಾಡಿದ್ದು ಎಂದ ಕೋಲಿನವ.

ಕುರ್ಚಿ ಸುಡುವ ಹೊತ್ತಿಗೆ ಮಾವ ಎದ್ದು ಹೊರಗೆ ಹೋದರು. ಹೊಗೆಸೊಪ್ಪಿಗೆ ಹೋದರು ಎಂದುಕೊಂಡೆವು. ಬಯಸ್ಕೋಪು ಮುಗಿದು ನಾವು ಹೊರಗೆ ಬಂದಾಗ ದಾರಿಬದಿಯ ಕಲ್ಲಿನ ಮೇಲೆ ಕುಳಿತಿದ್ದರು.

ಮರುದಿನ ಆಲೂಗೆಡ್ಡೆ ಕೀಳುವಾಗ ಹೊಲದ ತುಂಬ ಅದೇ ಸುದ್ದಿ.

“ಆ ದೊರೆಗ ಕೆಲಸ ಇಲ್ಲೆ. ನಂಗಳ ಜೊತೆ ಗೆಡ್ಡೆ ಕೀಳೋಕೆ ಬಿಟ್ಟಿದ್ರೆ ಹುಚ್ಚು ಹಿಡೀತಿತ್ತಾ?” ಎಂದಳು ಒಬ್ಬಳು.

“ಹೆಂಡತಿ ಏನು ಮಾಡ್ತಿದ್ದಳು? ಗಂಡ ಗೋಡೆ ನೋಡ್ಕೊಂಡು ಬೆವರ್ತಾ ಇದ್ರೆ ಅವಳು ಪಿಟೀಲು ಕುಯ್ತಾ ಕೂತಿದ್ದಾಳೆ,” ಎಂದಳು ಇನ್ನೊಬ್ಬಳು.

“ಸತ್ತವ ಬಾಯಿಬಿಟ್ಟು ಬಯ್ಯಬಾರದಿತ್ತಾ? ಬಯ್ದಿದ್ರೆ ಜಗಳ ಆಡಿ ಮುಗಿಸಬಹುದಿತ್ತು.”

“ಬದುಕಿದವರೇ ಮಾತಾಡದ ಬಯಸ್ಕೋಪು ಅದು. ಸತ್ತವ ಎಲ್ಲಿಂದ ಮಾತಾಡ್ತಾನೆ?”

ಎಲ್ಲರೂ ನಕ್ಕರು. ದೊಡ್ಡವ್ವ ಮಾತ್ರ ಗುದ್ದಲಿ ಊರಿ ನಿಂತು ಕೇಳಿದಳು: “ಆ ತಮ್ಮಂಗ ಸಾವು ಮಾಡಿದ್ರಾ? ಪಾಪ ಹೇಳಿಸಿದ್ರಾ?”

ಎಲ್ಲರೂ ಬಗ್ಗಿ ಗೆಡ್ಡೆ ಕೀಳತೊಡಗಿದರು. ನಗುವೂ ನಿಂತಿತು. ಅತ್ತೆ ಹೊಲದಲ್ಲೇ ಇದ್ದಳಲ್ಲ.

ನಮ್ಮ ಬಡಗರಲ್ಲಿ ಯಾರಾದರೂ ಸತ್ತರೆ, ಹೆಣ ಎತ್ತುವ ಮೊದಲು ಊರಿನ ಹಿರಿಯನೊಬ್ಬ ಎದುರು ನಿಂತು, ಸತ್ತವನು ಮಾಡಿರಬಹುದಾದ ಪಾಪಗಳನ್ನು ಒಂದೊಂದಾಗಿ ಹೇಳುತ್ತಾನೆ. ಮಾಡಿದ್ದನೋ ಇಲ್ಲವೋ, ಎಲ್ಲರಿಗೂ ಅದೇ ಪಾಪಗಳು. ಪ್ರತಿಯೊಂದಕ್ಕೂ ನೆರೆದವರು ‘ಪಾಪ’ ಎನ್ನುತ್ತಾರೆ. ಅಷ್ಟನ್ನೂ ಒಂದು ಕರುವಿನ ಮೇಲೆ ಹೊರಿಸಿ ಅಟ್ಟಿಬಿಡುತ್ತಾರೆ. ಆ ಕರುವಿನಿಂದ ಮುಂದೆ ಯಾರೂ ಕೆಲಸ ಮಾಡಿಸುವಂತಿಲ್ಲ. ಸತ್ತವನು ಹಗುರಾಗಿ ಹೋಗುತ್ತಾನೆ. ಸಾವು ಮಾಡುವುದು ಎಂದರೆ ಇದೇ.

ಮಾವನ ತಮ್ಮನಿಗೆ ಇದಾಗಿರಲಿಲ್ಲ. ಕೆಳಹೊಲಕ್ಕಾಗಿ ಅಣ್ಣತಮ್ಮ ಜಗಳವಾಡಿದ್ದರು. ಮಾವ ಹೊಲವನ್ನು ತಾವೇ ಇಟ್ಟುಕೊಂಡು ತಮ್ಮನನ್ನು ಹೊರಗೆ ಹಾಕಿದರು. ಅವನು ಹೆಂಡತಿಯನ್ನು ತವರಿಗೆ ಕಳಿಸಿ, ಗೂಡಲೂರು ಕಡೆ ಮರ ಸಾಗಿಸುವ ಗಾಡಿ ಹೊಡೆಯಲು ಹೋದ. ತೊರಪಳ್ಳಿಯಲ್ಲಿ ಜ್ವರ ಬಂದು ಸತ್ತ. ಜೊತೆಯವರು ಅಲ್ಲೇ ಹೂತರು. ಅವನ ಬಟ್ಟೆಯನ್ನಿಟ್ಟಾದರೂ ಸಾವು ಮಾಡು ಎಂದು ಊರಿನವರು ಎಷ್ಟು ಹೇಳಿದರೂ ಮಾವ ಒಪ್ಪಿರಲಿಲ್ಲ. ಇದೆಲ್ಲ ನಾನು ಬರುವ ಮೊದಲಿನ ಸಂಗತಿ.

ಬಯಸ್ಕೋಪು ನೋಡಿ ಬಂದ ಮೇಲೆ ಮಾವನ ಊಟ ಕೆಟ್ಟಿತು. ನಮ್ಮಲ್ಲಿ ಅಣ್ಣತಮ್ಮ ಒಂದೇ ಕಂಚಿನ ತಟ್ಟೆಯಲ್ಲಿ ಉಣ್ಣುವುದುಂಟು. ಮಾವ ಅದೇ ದೊಡ್ಡ ತಟ್ಟೆಯಲ್ಲಿ ಬಡಿಸಲು ಹೇಳಿ, ತಾವು ಕುಳಿತ ಕಡೆಯ ಅರ್ಧ ಮಾತ್ರ ತಿಂದು ಏಳತೊಡಗಿದರು. ಉಳಿದರ್ಧಕ್ಕೆ ಬೆರಳು ತಾಗಿಸುತ್ತಿರಲಿಲ್ಲ. ಒಂದು ದಿನ ನಾನು ಸಾಮೆ ಅನ್ನ ಬಡಿಸುವಾಗ, “ಆ ಕಡೆಗೂ ಇನ್ನೊಂದಿಷ್ಟು ಹಾಕು,” ಎಂದರು.

“ಯಾರಿಗೆ?” ಎಂದಳು ಅತ್ತೆ.

ಮಾವ ಎದುರಿನ ನೆಲ ನೋಡಿದರು.

ಅವರ ಮೈ ಇಳಿಯಿತು. ಹೊಲಕ್ಕೆ ಹೋದವರು ಏರಿಯ ಮೇಲೆ ಕುಳಿತು ಗೊಣಗುತ್ತಿದ್ದರು. ಅತ್ತೆ ಅಳುವವಳಲ್ಲ. ಪಾಪ ಹೇಳುವ ಅಜ್ಜನ ಮನೆಗೆ ನನ್ನನ್ನೂ ಎಳೆದುಕೊಂಡು ಹೋಗಿ, ಬಯಸ್ಕೋಪಿನ ಕಥೆಯನ್ನು ಮೊದಲಿನಿಂದ ಹೇಳಿದಳು. ಅಜ್ಜ ಆ ಗೋದಾಮಿಗೆ ಕಾಲಿಟ್ಟವನಲ್ಲ. ಆದರೂ ತೀರ್ಪು ಕೊಟ್ಟ.

“ಬಿಳಿಯರಿಗೆ ಕರು ಬಿಡೋದು ಗೊತ್ತಿಲ್ಲೆ. ಸತ್ತವ ತನ್ನ ಹೊರೆ ಹೊತ್ಕೊಂಡು ಎಲ್ಲಿಗ ಹೋಗಬೇಕು? ಕುರ್ಚಿಗ ಬಂದ. ಆ ದೊರೆ ಕುರ್ಚಿ ಸುಡೋ ಬದಲು ಒಂದು ಕರು ತರಬೇಕಿತ್ತು.”

“ಅದು ಮನಸ್ಸು ಮಾಡಿದ್ದಂತೆ ಅಜ್ಜ, ಕೋಲಿನವ ಹೇಳಿದ,” ಎಂದೆ ನಾನು.

“ಕೋಲಿನವ ಎಷ್ಟು ಸಾವು ಮಾಡಿಸಿದ್ದಾನೆ?” ಎಂದ ಅಜ್ಜ.

ಈಗ ಯೋಚಿಸಿದರೆ ಕೋಲಿನವನೇ ಸರಿ. ಆದರೆ ಹಟ್ಟಿಯಲ್ಲಿ ಎಲ್ಲರೂ ಆ ಕಥೆಯನ್ನು ಅಜ್ಜನಂತೆಯೇ ಅರ್ಥ ಮಾಡಿಕೊಂಡರು. ಅತ್ತೆ ಮನೆಗೆ ಬಂದು, ಸಾವು ಮಾಡದಿದ್ದರೆ ತಾನೂ ತವರಿಗೆ ಹೋಗುತ್ತೇನೆ ಎಂದಳು. ಮಾವ ಹೂಂ ಎಂದರು.

ಮಂಚದ ಮೇಲೆ ಹೆಣದ ಬದಲು ಸತ್ತವನ ಹಳೆಯ ಪಂಚೆ ಹಾಸಿದರು. ಅವನ ಹೆಂಡತಿ ತವರಿನವರ ಜೊತೆ ಬಂದು ಒಂದು ಬದಿಗೆ ನಿಂತಳು. ಅಜ್ಜ ಪಾಪ ಹೇಳಲು ಶುರು ಮಾಡಿದ. ಪಕ್ಕದವನ ನೀರು ತಿರುಗಿಸಿದ್ದರೆ. ಹಸಿದು ಬಂದವನಿಗೆ ಬಾಗಿಲು ಮುಚ್ಚಿದ್ದರೆ. ನಾವೆಲ್ಲ ‘ಪಾಪ’ ಎನ್ನುತ್ತಿದ್ದೆವು. ಒಡಹುಟ್ಟಿದವನ ಪಾಲು ಕಿತ್ತುಕೊಂಡಿದ್ದರೆ ಎನ್ನುವಲ್ಲಿಗೆ ಬಂತು.

“ಅದು ಅವನದಲ್ಲ,” ಎಂದರು ಮಾವ. “ಎನ್ನದು.”

ಅಜ್ಜ ಇಷ್ಟು ವರ್ಷದಲ್ಲಿ ಇಂಥದನ್ನು ಕೇಳಿರಲಿಲ್ಲ. ಸಿಟ್ಟು ಬಂತು. “ನೀ ಇನ್ನೂ ಸತ್ತಿಲ್ಲೆ. ನಿನ್ನದನ್ನ ನಿನ್ನ ಸಾವಿಗ ಹೇಳ್ತೀನಿ. ಸುಮ್ಮನೆ ನಿಲ್ಲು.”

“ಅವನ ಮೇಲೆ ಹಾಕ್ಬೇಡ.”

“ಬದುಕಿದವನದನ್ನ ಕರುವಿನ ಮೇಲೆ ಹೊರಿಸೋಕೆ ಆಗೋದಿಲ್ಲೆ.”

ಆಗ ಆ ವಿಧವೆ ಬಾಯಿಬಿಟ್ಟಳು. “ಬಾವ, ಕರು ಯಾಕೆ? ಹೊಲ ಬಿಡು.”

ಮಾವ ತಲೆ ಎತ್ತಿ ಅವಳನ್ನು ನೋಡಿದರು. “ಬಿಟ್ಟೆ,” ಎಂದರು. ಇಡೀ ಹಟ್ಟಿ ಕೇಳಿತು. ಅಜ್ಜ ಆ ಒಂದು ಪಾಪವನ್ನು ಬಿಟ್ಟು ಮುಂದಿನದಕ್ಕೆ ಹೋದ. ಕೊನೆಗೆ ಕರು ಕಾಡಿನ ಕಡೆ ಓಡಿತು.

ಮಾವನ ಹುಚ್ಚು ಅಂದೇ ಬಿಟ್ಟಿತು ಎಂದು ಬರೆದರೆ ಸುಳ್ಳಾಗುತ್ತದೆ. ಗೊಣಗುವುದು ಸಾಯುವವರೆಗೂ ಇತ್ತು. ಆದರೆ ನಿದ್ದೆ ಬಂತು, ಹಸಿವು ಬಂತು, ಜನರ ಮುಖ ನೋಡಿ ಮಾತಾಡಿದರು. ಆ ವಿಧವೆ ಮಳೆಗೆ ಮುಂಚೆ ಬಂದು ಹಟ್ಟಿಯ ತುದಿಯ ಮನೆಯಲ್ಲಿ ಒಲೆ ಹೂಡಿದಳು. ಕೆಳಹೊಲಕ್ಕೆ ಹಂದಿ ನುಗ್ಗುತ್ತದೆ ಎಂದು ಮಾವ ತಾವೇ ಹೋಗಿ ಸುತ್ತಲೂ ಬೇಲಿ ಕಟ್ಟಿಕೊಟ್ಟರು. ಅವಳು ಬೇಡ ಎನ್ನಲಿಲ್ಲ. ಒಂದು ಲೋಟ ಕಾಫಿ ತಂದು ಬೇಲಿಯ ಆಚೆಯಿಂದ ಕಲ್ಲಿನ ಮೇಲಿಟ್ಟು, ಕಳೆ ಕೀಳಲು ಹೋದಳು. ಮಾವ ಅದನ್ನು ಕುಡಿದು ಲೋಟ ತೊಳೆದಿಟ್ಟು ಬಂದರು.