ಬಾತ ಕೈಗೆ ಹಸಿರು ಬಳೆ

ಬ್ರಿಟಿಷರಿನ್ನೂ ಇದ್ದ ಕಾಲ. ಹದಿನೇಳರ ನನಗೆ ಬೇಕಾಗಿದ್ದುದು ಒಂದೇ: ಸತ್ತೂರಿನ ತವರುಮನೆ, ಅಲ್ಲಿ ಅವ್ವನ ಮಗ್ಗುಲಲ್ಲಿ ಒಂದು ಚಾಪೆ. ಗಬ್ಬೂರಿನ ಅತ್ತೆಮನೆಯವರು ಕೆಟ್ಟವರೇನಲ್ಲ. ಆದರೂ ಮದುವೆಯಾಗಿ ಎರಡು ವರ್ಷದಲ್ಲಿ ಅವ್ವನನ್ನು ಕಂಡದ್ದು ಎರಡೇ ಸಲ, ಅದೂ ನಾಲ್ಕು ಜನರ ನಡುವೆ. ಚೊಚ್ಚಲ ಬಸಿರು ನಿಂತಾಗ ಎಲ್ಲರೂ ಕೂಸಿನ ಕನಸು ಕಂಡರು. ನಾನು, ಸುಳ್ಳೇಕೆ ಹೇಳಲಿ, ತವರಿನ ಕನಸು ಕಂಡೆ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ!

ಒಂಬತ್ತು ತಿಂಗಳಿಗೆ ಬಸುರಿಗೆ ಹಸಿರು ಬಳೆ ತೊಡಿಸುವ ಕುಬಸ ಮಾಡುವುದು, ಮರುದಿನ ಅಪ್ಪ ಗಾಡಿ ತರುವುದು ಎಂದು ನಿಶ್ಚಯವಾಯಿತು. ಅಷ್ಟರಲ್ಲಿ ನನ್ನ ಕಾಲು ಬಾತವು, ಮುಖ ಊದಿತು. "ಸೊಸಿ ಹೆಂಗ ಮೈ ತುಂಬ್ಯಾಳ ನೋಡ್ರಿ" ಎಂದು ಅತ್ತೆ ಓಣಿಯವರ ಮುಂದೆ ಹಿಗ್ಗಿದರು. ತಲೆ ಸಿಡಿಯುತ್ತಿತ್ತು, ಕಣ್ಣ ಮುಂದೆ ಮಿಂಚು ಹಾರುತ್ತಿತ್ತು. ಅದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಇಂಥ ಹೊತ್ತಿನಲ್ಲಿ ಗಾಡಿ ಪ್ರಯಾಣ ಬೇಡವೆಂದು ನಿಲ್ಲಿಸಿಕೊಂಡುಬಿಟ್ಟರೆ? ಅದು ರಕ್ತದೊತ್ತಡ, ತಾಯಿ ಕೂಸು ಇಬ್ಬರಿಗೂ ಕುತ್ತು ತರುವಂಥದು ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ, ಮೊಮ್ಮಗಳು ಬಸುರಿಯಾದಾಗ.

ಕುಬಸದ ದಿನ ಮುದುಕ ಬಳೆಗಾರ ನನ್ನ ಕೈ ಹಿಡಿದು ಹಿಚುಕಿದ. ಒಂದು ಬಳೆಯೂ ಏರಲಿಲ್ಲ. ಅವನ ಹೆಬ್ಬೆರಳು ಒತ್ತಿದಲ್ಲಿ ಕುಳಿ ಬಿದ್ದು ಹಾಗೇ ಉಳಿಯಿತು. ಅವನು ದನಿ ತಗ್ಗಿಸಿದ.

"ತಂಗಿ, ಇದು ಛಲೋ ಲಕ್ಷಣ ಅಲ್ಲ. ನನ್ನ ಮಗಳಿಗೂ ಹಿಂಗ ಬಾತಿತ್ತು. ನಿಮ್ಮತ್ತಿಗೆ ಹೇಳಲೇನು? ಹುಬ್ಬಳ್ಳಿ ದವಾಖಾನಿಗೆ ತೋರಸ್ಲಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಸಣ್ಣ ಬಳಿ ತಂದು ನನ್ನ ಕೈಗೆ ಹೆಸರಿಡಬ್ಯಾಡ್ರಿ" ಎಂದು ಎಲ್ಲರಿಗೂ ಕೇಳುವಂತೆ ಅಂದೆ. ಹೆಂಗಸರು ಗೊಳ್ಳೆಂದು ನಕ್ಕರು. ಪಾಪ, ಅವನು ದೊಡ್ಡ ಬಳೆ ಹುಡುಕಿದ.

ಮರುದಿನ ಗಾಡಿ ಆ ದವಾಖಾನೆಯ ಮುಂದೆಯೇ ಹಾಯ್ದುಹೋಯಿತು. ಅಪ್ಪ ತಿರುಗಿ ನೋಡಿ, "ಯಾಕವಾ, ಮಾರಿ ಹಿಂಗ್ಯಾಕ ಆಗೇತಿ?" ಎಂದ. "ಬಿಸಲಪಾ, ಲಗೂ ಹೊಡಿ" ಎಂದೆ. ಹೊಟ್ಟೆಯೊಳಗಿನ ಕೂಸು ಮುಂಜಾನೆಯಿಂದ ಮಿಸುಕಿರಲಿಲ್ಲ. ಗಾಡಿಯ ತೂಗಾಟಕ್ಕೆ ನಿದ್ದೆ ಹತ್ತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಸತ್ತೂರು ಮುಟ್ಟಿದ ಮೂರನೆಯ ದಿನ ಹೆತ್ತೆ. ಅಳು ಕೇಳಲಿಲ್ಲ. ನನಗೆ ಎಚ್ಚರ ಬರುವಷ್ಟರಲ್ಲಿ ಗಂಡಸರು ಕೂಸನ್ನು ಹೊಲದಲ್ಲಿ ಮಣ್ಣು ಮಾಡಿ ಬಂದಿದ್ದರು. ಹೆಣ್ಣು, ತಲೆತುಂಬ ಕೂದಲಿತ್ತು ಎಂದು ಅವ್ವ ಹೇಳಿದಳು. ನನಗೆ ಗೊತ್ತಿರುವುದು ಅಷ್ಟೇ. ಆಮೇಲೆ ಮಕ್ಕಳಾದರು, ಮೊಮ್ಮಕ್ಕಳಾದರು. ಹುಟ್ಟಿದ ಒಂದೊಂದು ಕೂಸಿನಲ್ಲೂ ಆ ಮುಖವನ್ನು ಹುಡುಕಿದ್ದೇನೆ. ಒಂದೇ ಸಲ ನೋಡಬೇಕಿತ್ತು ಎಂದು ಈಗಲೂ ಜೀವ ಹಂಬಲಿಸುತ್ತದೆ.

ಎದೆಹಾಲು ಕಟ್ಟಿ ನೋವು ತಾಳಲಾರದ ದಿನ ಅವ್ವನ ಮುಂದೆ ಎಲ್ಲ ಒಪ್ಪಿಕೊಂಡೆ, ಏನು ಮುಚ್ಚಿಟ್ಟೆ, ಯಾಕೆ ಮುಚ್ಚಿಟ್ಟೆ ಎಂದು. ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ನನ್ನ ಎದೆಗೆ ಬಟ್ಟೆ ಬಿಗಿಯುತ್ತ ಅಂದಳು: "ಹುಚ್ಚಿ, ಹೇಳಿ ಕಳಿಸಿದ್ರ ನಾನ ಬರ್ತಿದ್ನಲ್ಲ ನಿನ್ನ ಕಡಿಗೆ."