ಬರ್ತೀನಿ ಅಂದ ತಪ್ಪಿಗೆ

ನಮ್ಮ ಕಂಪನಿ ಮಾರುವುದು ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು. ಹೆಸರು ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ, ಆದ್ದರಿಂದ ಹೇಳುವುದಿಲ್ಲ. ಮದುವೆ ಮುಂಜಿವೆಗಳಲ್ಲಿ ಯಾರಾದರೂ ಕೆಲಸ ಏನೆಂದು ಕೇಳಿ, ನಾನು ಹೇಳಿ, ಅವರು "ಹೌದಾ? ಕೇಳೇ ಇಲ್ಲವಲ್ಲ" ಎಂದು ಹೋಳಿಗೆಯ ಕಡೆ ತಿರುಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ ಎಂದರೆ ಸುಳ್ಳಾಗುತ್ತದೆ, ಸ್ವಲ್ಪ ಬರುತ್ತದೆ.

ಭಾಷೆ ಮಾಡಿದವರು ವಿದೇಶದವರು. ಇಲ್ಲಿ ಅದನ್ನು ಮಾರುವುದು, ಕೊಂಡವರಿಗೆ ತೊಂದರೆಯಾದರೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಮುಂಬೈಯ ಸಾಂತಾಕ್ರೂಜಿನ ಒಂದು ಹೌಸಿಂಗ್ ಸೊಸೈಟಿಯ ಗ್ರೌಂಡ್ ಫ್ಲೋರಿನಲ್ಲಿ ಆಫೀಸು. ಯಜಮಾನರು ವಿಜಯಪುರದ ಕಡೆಯವರು, ನಾವು ಸಾಹೇಬರು ಎನ್ನುತ್ತೇವೆ. ನಾನು ಧಾರವಾಡದವಳು, ಮದುವೆಯಾಗಿ ಸಯನ್‌ಗೆ ಬಂದವಳು. ಆಫೀಸಿನ ಸಪೋರ್ಟ್ ಡೆಸ್ಕ್ ಎಂದರೆ ನಾನೇ. ಒಂದು ಮೇಜು, ಒಂದು ಫೋನು, ನಾನೇ ಹೊಲಿದ ದಿಂಬು ಹಾಕಿದ ಒಂದು ಕುರ್ಚಿ.

ಹೆಸರಾದ ಭಾಷೆಗಳಿಗೆ ಮಾರುವವರೇ ಬೇಕಾಗಿಲ್ಲ. ಕಾಲೇಜಿನಲ್ಲಿ ಅವನ್ನೇ ಕಲಿಸುತ್ತಾರೆ. ಎಲ್ಲಾದರೂ ಸಿಕ್ಕಿಬಿದ್ದರೆ ಇಂಟರ್ನೆಟ್ಟಿನಲ್ಲಿ ಒಂದು ಪ್ರಶ್ನೆ ಹಾಕಿದರಾಯಿತು, ಗುರುತು ಪರಿಚಯ ಇಲ್ಲದವರು ಉತ್ತರ ಕೊಡುತ್ತಾರೆ. ನಮ್ಮ ಭಾಷೆಯಲ್ಲಿ ಸಿಕ್ಕಿಬಿದ್ದವರಿಗೆ ನನ್ನ ಫೋನು ಬಿಟ್ಟರೆ ಗತಿಯಿಲ್ಲ. ಇದನ್ನು ಹೆಮ್ಮೆಯಿಂದ ಹೇಳಬೇಕೋ ಬೇಜಾರಿನಿಂದ ಹೇಳಬೇಕೋ ನನಗೆ ಇನ್ನೂ ತಿಳಿದಿಲ್ಲ.

ಪ್ರಚಾರ ಮಾಡಲಿಲ್ಲ ಅಂತಲ್ಲ. ಒಮ್ಮೆ ಏರ್‌ಪೋರ್ಟ್ ಹತ್ತಿರದ ದೊಡ್ಡ ಹೋಟೆಲಿನಲ್ಲಿ ಸಾಫ್ಟ್‌ವೇರ್ ಮೇಳವಿತ್ತು. ಎಲ್ಲರೂ ಟೀ ಶರ್ಟು, ಬ್ಯಾಗು ಹಂಚುತ್ತಿದ್ದರು. ನಮ್ಮ ಸಾಹೇಬರು ಧಾರವಾಡ ಪೇಡಾ ತರಿಸಿದರು. ಅಯ್ಯೋ, ಏನು ಜನ, ಏನು ಜನ! ತಿಂದವರೆಲ್ಲ ಬೆರಳು ಚೀಪುತ್ತಾ ಕೇಳಿದ್ದು ಒಂದೇ ಪ್ರಶ್ನೆ, ಈ ಪೇಡಾ ಮುಂಬೈಯಲ್ಲಿ ಎಲ್ಲಿ ಸಿಗುತ್ತದೆ ಎಂದು. ನಮ್ಮ ಭಾಷೆಯ ಕಾಗದಗಳಲ್ಲಿ ಪೇಡಾದ ಜಿಡ್ಡು ಒರೆಸಿಕೊಂಡು ಹೋದರು. ಸಂಜೆ ಸಾಹೇಬರು ಖಾಲಿ ಡಬ್ಬಿ ಮುಚ್ಚುತ್ತಾ, "ಪೇಡಾ ಅಂಗಡೀನ ಹಾಕಿದ್ರ ಚಲೋ ಆಗ್ತಿತ್ತು ನೋಡ ತಂಗಿ" ಎಂದರು.

ನಮಗೆ ಅನ್ನ ಹಾಕಿದ್ದು ಮೇಳವಲ್ಲ, ಬೈಕುಲ್ಲಾದ ಒಂದು ಗಲ್ಲಿ. ಅಲ್ಲಿ ಸಾಲಾಗಿ ತಗಡಿನ ಡಬ್ಬಿ ಮಾಡುವ ವರ್ಕ್‌ಶಾಪ್‌ಗಳಿವೆ. ಸಾಹೇಬರು ಮನೆಗೆ ಜೋಳದ ಡಬ್ಬಿ ತರಲು ಹೋದವರು, ಒಬ್ಬ ಮುದುಕರು ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಳಿಸುತ್ತಿದ್ದದ್ದನ್ನು ನೋಡಿ ಅಲ್ಲೇ ನಿಂತರಂತೆ. ವ್ಯರ್ಥ ಚೂರುಗಳು ಕಡಿಮೆ ಉಳಿಯುವ ಹಾಗೆ ತಗಡನ್ನು ಹೇಗೆ ಕತ್ತರಿಸಬೇಕು ಎಂದು ತೋರಿಸುವ ಪ್ರೋಗ್ರಾಮನ್ನು ನಮ್ಮ ಭಾಷೆಯಲ್ಲಿ ಬರೆದು ಕೊಟ್ಟೆವು. ಮುದುಕರನ್ನು ಗಲ್ಲಿಯೆಲ್ಲ ಚಾಚಾ ಎನ್ನುತ್ತದೆ. ಉತ್ತರ ಪ್ರದೇಶದವರು, ನನ್ನನ್ನು ಬೆಹನ್‌ಜೀ ಎಂದು ಕರೆಯುತ್ತಾರೆ. ಅವರು ತೆಗೆದುಕೊಂಡ ಮೇಲೆ ಅಕ್ಕಪಕ್ಕದವರೂ ತೆಗೆದುಕೊಂಡರು. ಅಲ್ಲಿ ಎಲ್ಲರೂ ಚಾಚಾ ಮಾಡಿದ್ದನ್ನೇ ಮಾಡುವುದು.

ಕೆಲವು ವರ್ಷಗಳ ಹಿಂದೆ ಒಂದು ಶನಿವಾರ ಮಧ್ಯಾಹ್ನ ಸಾಹೇಬರು ನನಗೆ ತಾವೇ ಚಹಾ ತಂದುಕೊಟ್ಟರು. ಅವರು ಚಹಾ ತಂದುಕೊಟ್ಟರೆ ಸುದ್ದಿ ಕೆಟ್ಟದ್ದೇ.

"ಚಾಚಾನ ಮಗಳು ಹೊಸಾ ಕಂಪ್ಯೂಟರ್ ತಂದಾಳಂತ ತಂಗಿ. ಅದರಾಗ ನಮ್ಮ ಪ್ರೋಗ್ರಾಮ್ ಏಳವಲ್ದಂತ. ನಿನ್ನೆ ಬ್ಯಾರೆ ಕಂಪನಿಯವರು ಬಂದು ತಮ್ಮದನ್ನ ತೋರಿಸಿ ಹೋಗ್ಯಾರ. ಸೋಮವಾರ ಅವರಿಗೆ ಹೂಂ ಅಂತಾರಂತ."

"ಅನ್ಲಿ ಬಿಡ್ರಿ, ಒಬ್ಬರು ಹೋದ್ರ ಏನಾತು?"

"ಚಾಚಾ ಹೋದ್ರ ಗಲ್ಲಿ ಹೋತು. ಗಲ್ಲಿ ಹೋದ್ರ ಮುಂಬೈದಾಗ ಸಪೋರ್ಟ್ ಡೆಸ್ಕ್ ಯಾಕ ಬೇಕು, ನಾವ ಈ-ಮೇಲ್‌ನ್ಯಾಗ ನೋಡ್ಕೋತೀವಿ ಅಂತ ವಿದೇಶದವರು ಆಗಲೇ ಬರದಾರ."

ಈ-ಮೇಲ್ ಅಂತೆ! ಚಾಚಾ ಈ-ಮೇಲ್ ಬರೆಯುತ್ತಾರೆಯೇ? ಚಹಾ ಅರ್ಧಕ್ಕೇ ಬಿಟ್ಟು ಬ್ಯಾಗು ಹೆಗಲಿಗೆ ಹಾಕಿದೆ. ದಾದರಿನಲ್ಲಿ ಗಾಡಿ ಬದಲಿಸಿ ಬೈಕುಲ್ಲಾದಲ್ಲಿ ಇಳಿಯುವವರೆಗೆ ಆ ಬೇರೆ ಕಂಪನಿಯವರನ್ನು ಮನಸ್ಸಿನಲ್ಲೇ ಬೈದೆ.

ಹೋಗಿ ನೋಡಿದರೆ ಆ ಜನರದೇ ಟೋಪಿ ಹಾಕಿಕೊಂಡು ಚಾಚಾ ಕುಳಿತಿದ್ದಾರೆ! ಕೆಂಪು ಟೋಪಿ, ಮೇಲೆ ಆ ಕಂಪನಿಯ ಗುರುತು. ಪುಕ್ಕಟೆ ಕೊಟ್ಟದ್ದು. ನನಗೆ ಹೊಟ್ಟೆ ಉರಿದುಹೋಯಿತು. ಅವರ ಮಗಳು ಒಳ್ಳೆಯ ಹುಡುಗಿ, ಈಗ ಆಫೀಸೆಲ್ಲ ಅವಳದೇ ಉಸ್ತುವಾರಿ. ನನ್ನನ್ನು ಕೂರಿಸಿ ಮೆತ್ತಗೆ ಹಿಂದಿಯಲ್ಲಿ ಕೇಳಿದಳು: "ಆಂಟೀ, ನಿಮ್ಮ ಭಾಷೆ ಬಲ್ಲವರು ಎಲ್ಲೂ ಸಿಗುವುದಿಲ್ಲ. ಕೆಲಸ ನಿಂತರೆ ಯಾರು ಬರುತ್ತಾರೆ? ಅವರದು ಇಪ್ಪತ್ನಾಲ್ಕು ಗಂಟೆ ಸಪೋರ್ಟ್."

ನ್ಯಾಯವಾದ ಮಾತೇ. ಅದಕ್ಕೇ ಇನ್ನೂ ಸಿಟ್ಟು ಬಂತು. ಕಂಪ್ಯೂಟರಿನ ಮುಂದೆ ಕುಳಿತೆ. ರೋಗ ಬೇಗ ಸಿಕ್ಕಿತು. ಪ್ರೋಗ್ರಾಮು ಹಳೆಯ ಯಂತ್ರಕ್ಕೆ ಒಗ್ಗುವಂತೆ ಕಟ್ಟಿದ್ದು, ಹೊಸದಕ್ಕೆ ತಕ್ಕಂತೆ ಮತ್ತೊಮ್ಮೆ ಕಟ್ಟಬೇಕು. ಕಟ್ಟುವ ಸಾಮಾನೆಲ್ಲ ಆಫೀಸಿನ ಲ್ಯಾಪ್‌ಟಾಪಿನಲ್ಲಿತ್ತು. ಆಫೀಸು ಮುಚ್ಚುವ ಹೊತ್ತಾಗಿತ್ತು, ಮರುದಿನ ರವಿವಾರ. ಚಾಚಾಗೆ ಅಷ್ಟನ್ನು ಹೇಳಿದೆ. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ನಿಲ್ಲಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಮನಸ್ಸಿನಲ್ಲಷ್ಟೇ. ಬಾಯಲ್ಲಿ ಅಂದದ್ದು, "ಅಚ್ಛಾ ಚಾಚಾಜೀ, ಆತೀ ಹೂಂ."

ಸೀದಾ ಸಯನ್‌ಗೆ ಬಂದೆ. ಮೈ ತೊಳೆದುಕೊಂಡು ದೇವರಿಗೆ ದೀಪ ಹಚ್ಚಿ ಚಪಾತಿ ಲಟ್ಟಿಸಲು ನಿಂತಿದ್ದೆ, ಫೋನು ಬಂತು. ಚಾಚಾ.

"ಬೆಹನ್‌ಜೀ, ಕಹಾಂ ತಕ್ ಪಹುಂಚೀ?"

ಎಲ್ಲಿಯವರೆಗೆ ಬಂದಿರಿ ಎಂದು ಕೇಳುತ್ತಿದ್ದಾರೆ! ನಾನು ಲಟ್ಟಣಿಗೆ ಹಿಡಿದುಕೊಂಡು, ಎಲ್ಲಿಗೆ ಎಂದೆ. ಅಪ್ಪ ಮಗಳು ಅರ್ಧ ಶಟರ್ ಇಳಿಸಿ ಕಾಯುತ್ತಿದ್ದರಂತೆ. ನನಗೆಂದು ತರಿಸಿದ ಸಮೋಸಾ ಆರಿ ತಣ್ಣಗಾದವಂತೆ. "ಆಪ್ ಹೀ ನೇ ತೋ ಕಹಾ, ಆತೀ ಹೂಂ." ಬರ್ತೀನಿ ಅಂದದ್ದು ನೀವೇ ತಾನೇ ಎಂದು!

ಆಗ ಹೊಳೆಯಿತು ನನಗೆ. ನಮ್ಮ ಮನೆಗಳಲ್ಲಿ ಯಾರೂ ಹೋಗುತ್ತೇನೆ ಎನ್ನುವುದಿಲ್ಲವಲ್ಲ. ಚಿಕ್ಕವಳಿದ್ದಾಗ ಹೊಸ್ತಿಲಲ್ಲಿ ನಿಂತು ಹೋಗ್ತೀನಿ ಅಂದರೆ ಅಜ್ಜಿ ಒಳಗಿನಿಂದಲೇ, "ಬಿಡ್ತು ಅನ್ನ! ಬರ್ತೀನಿ ಅನ್ನ" ಎಂದು ಗದರುತ್ತಿದ್ದಳು. ಹೊರಟೆ ಎನ್ನುವುದಕ್ಕೆ ಬರ್ತೀನಿ ಎನ್ನುವುದು ನಾಲಿಗೆಗೆ ಅಂಟಿಬಿಟ್ಟಿದೆ. ಪಕ್ಕದ ಮನೆಯ ಮರಾಠಿ ಹೆಂಗಸರೂ ಹೊರಡುವಾಗ ಬರುತ್ತೇನೆ ಅಂತಲೇ ಅನ್ನುವುದರಿಂದ ಇಷ್ಟು ವರ್ಷ ಎಲ್ಲೂ ಎಡವಿರಲಿಲ್ಲ. ಅದನ್ನೇ ಎತ್ತಿ ಹಿಂದಿಗೆ ಹಾಕಿದ್ದೆ. ಕೆಲಸ ನಿಂತು ಕುಳಿತಿದ್ದ ಚಾಚಾ, ಸಾಮಾನು ತಂದು ಈಗಲೇ ಬರುತ್ತಾಳೆ ಎಂದು ತಿಳಿದದ್ದರಲ್ಲಿ ತಪ್ಪೇನು?

ಬಾಜೂಕ್ಕೆ ನಿಂತು ಕೇಳುತ್ತಿದ್ದ ನನ್ನ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ಸಿಂಪಲ್ ಬೈ ಬೋಲ್‌ನಾ ಥಾ ನಾ!" ಬರೀ ಬೈ ಬೈ ಅಂದಿದ್ದರೆ ಸಾಕಿತ್ತಂತೆ.

ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಆದರೆ ಆ ಕೆಂಪು ಟೋಪಿ ಕಣ್ಣಮುಂದೆ ಬಂತು. ಬರ್ತೀನಿ ಅಂದರೆ ನಮ್ಮಲ್ಲಿ ಹೋಗ್ತೀನಿ ಅಂತ ಅರ್ಥ ಎಂದು ಆ ಟೋಪಿಗೆ ವಿವರಿಸಿದರೆ ನಮ್ಮ ಭಾಷೆಯ ಕಥೆ ಮುಗಿದಂತೆಯೇ. "ನಿಕಲ್ ರಹೀ ಹೂಂ, ಚಾಚಾಜೀ", ಇದೋ ಹೊರಟೆ, ಎಂದೆ. ಲಟ್ಟಣಿಗೆ ಮಗಳ ಕೈಗೆ ಕೊಟ್ಟೆ. ಸೀರೆ ಸರಿಮಾಡಿಕೊಳ್ಳುತ್ತಾ ಸಾಹೇಬರಿಗೆ ಫೋನು ಹಚ್ಚಿ ನಡೆದದ್ದೆಲ್ಲ ಹೇಳಿದೆ. ಅವರ ಮನೆ ಆಫೀಸಿನ ಹಿಂದಿನ ಬಿಲ್ಡಿಂಗಿನಲ್ಲೇ.

"ಹೋಗ್ತೀನಿ ಅನಬೇಕಿಲ್ಲೇನ ತಂಗಿ?"

"ಹೋಗ್ತೀನಿ ಅನ್ಲಿಕ್ಕೆ ನಾಲಿಗಿ ಏಳೂದಿಲ್ರಿ ಸಾಹೇಬ್ರ. ನಿಮಗ ಏಳತದೇನು?"

"ಇಲ್ಲ ಬಿಡು. ಲ್ಯಾಪ್‌ಟಾಪ್ ತಗೊಂಡು ದಾದರ್ ಬ್ರಿಜ್ ಮ್ಯಾಲೆ ನಿಂದರ್ತೀನಿ, ಬಾ" ಎಂದರು.

ದಾದರಿನಿಂದ ಇಬ್ಬರೂ ಸ್ಲೋ ಲೋಕಲ್ ಹಿಡಿದೆವು. ಅವರು ಮನೆಯ ಪೈಜಾಮದಲ್ಲೇ ಬಂದಿದ್ದರು. ದಾರಿಯುದ್ದಕ್ಕೂ ನೆನೆದು ನೆನೆದು ನಕ್ಕರು, ಬೈಕುಲ್ಲಾ ಬರುತ್ತಲೇ ಮುಖ ಗಂಭೀರ ಮಾಡಿಕೊಂಡರು. ಗಲ್ಲಿಯಲ್ಲಿ ಚಾಚಾನ ಶಟರ್ ಒಂದೇ ತೆರೆದಿತ್ತು. ಪ್ರೋಗ್ರಾಮು ಮತ್ತೆ ಕಟ್ಟಿ ಹೊಸ ಕಂಪ್ಯೂಟರಿಗೆ ಹಾಕಿದೆ. ಮೊದಲ ಸಲ ಏಳಲಿಲ್ಲ. ಸಾಹೇಬರು ಕನ್ನಡದಲ್ಲಿ, "ಗಡಬಡಿ ಮಾಡಬ್ಯಾಡ" ಎಂದರು. ಮಾಡಲಿಲ್ಲ. ಎರಡನೆಯ ಸಲ ಪರದೆಯ ಮೇಲೆ ತಗಡಿನ ಚೌಕ ಮೂಡಿ, ಅದರ ತುಂಬ ಡಬ್ಬಿಯ ಮುಚ್ಚಳದ ದುಂಡುಗಳು ಒತ್ತೊತ್ತಾಗಿ ಬಂದು ಕುಳಿತವು. ನೋಡಿ ಕಣ್ಣು ತುಂಬಿ ಬಂತು ನನಗೆ.

ನಮಗಾಗಿ ಕಾಯುತ್ತಿದ್ದಾಗ ಚಾಚಾನ ಮಗಳು ಆ ಇಪ್ಪತ್ನಾಲ್ಕು ಗಂಟೆಯವರಿಗೂ ಒಂದು ಫೋನು ಮಾಡಿ ನೋಡಿದ್ದಳಂತೆ. ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ ಎಂದು ಹೇಳಿ, ಆಮೇಲೆ ಬರೀ ಸಂಗೀತ ಕೇಳಿಸಿದರಂತೆ. ಅದನ್ನು ಅವಳೇ ನಗುತ್ತಾ ಹೇಳಿದಳು. ಚಾಚಾ ಟೋಪಿ ತೆಗೆದು ತಗಡಿನ ರಾಶಿಯ ಮೇಲಿಟ್ಟು, ತಲೆ ಕೆರೆದುಕೊಂಡು, ಸೋಮವಾರ ಅವರಿಗೆ ಬೇಡ ಎಂದು ಹೇಳಿಬಿಡು ಎಂದು ಮಗಳಿಗೆ ಹೇಳಿದರು. ನಾನು ಆರಿದ ಸಮೋಸಾ ಎರಡು ತಿಂದೆ. ಅಷ್ಟು ರುಚಿಯಾದ ಸಮೋಸಾ ಮತ್ತೆ ತಿಂದಿಲ್ಲ.

ಹೊರಡಲು ಎದ್ದೆವು. ಈ ಸಲ ಹುಷಾರಾಗಿರಬೇಕು, ಮುದುಕರನ್ನು ಮತ್ತೆ ಕಾಯಿಸಬಾರದು ಎಂದು ಗಟ್ಟಿ ಮನಸ್ಸು ಮಾಡಿ, ಅಜ್ಜಿಯ ಕ್ಷಮೆ ಕೇಳಿಕೊಂಡು, ಹೋಗ್ತೀನಿ ಅಂತಲೇ ಅಂದೆ: "ಅಚ್ಛಾ ಚಾಚಾಜೀ, ಜಾತೀ ಹೂಂ."

"ಏ ತಂಗಿ!" ಎಂದರು ಸಾಹೇಬರು ಹಿಂದಿನಿಂದ.

ಚಾಚಾನ ಮುಖ ಸಣ್ಣದಾಯಿತು. "ಜಾತೀ ಹೂಂ? ಫಿರ್ ನಹೀಂ ಆಯೇಂಗೀ ಕ್ಯಾ?"

ಇನ್ನು ಬರುವುದೇ ಇಲ್ಲವೇ ಎಂದು ಅಷ್ಟು ದೊಡ್ಡ ಮನುಷ್ಯರು ಕೇಳಿದಾಗ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಅಜ್ಜಿ, ಹೊಸ್ತಿಲು, ಚಪಾತಿ, ಎಲ್ಲ. ಮಗಳು ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಚಾಚಾ ನಗಲಿಲ್ಲ. ನಿಮ್ಮ ಅಜ್ಜಿ ಹೇಳಿದ್ದೇ ಸರಿ, ಅದನ್ನೇ ಅನ್ನಿ, ಆದರೆ ದಿನ ಯಾವುದೆಂದೂ ಹೇಳಿಬಿಡಿ ಎಂದರು.

"ಆತೀ ಹೂಂ, ಚಾಚಾಜೀ."

"ಕಬ್?"

"ಸೋಮವಾರ್."

ಸೋಮವಾರ ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಆದರೂ ಹೋದೆ.